ಮರಿತ್ಸಾಳ ಎರಡನೆಯ ಪಟ

ಬೂದಿ ಹಾಕಿ ತಿಕ್ಕಿದ, ದ್ರಾಕ್ಷಿಯ ಹುಳಿ ಸುರಿದುಕೊಂಡು ತಿಕ್ಕಿದ, ಬೆರಳ ತುದಿಯ ಕಪ್ಪು ಹೋಗಲಿಲ್ಲ. ಹೋಗುವುದಿಲ್ಲವೆಂದು ಮೆಲ್ಕೋನನಿಗೆ ಗೊತ್ತಿತ್ತು. ಗಾಜಿನ ಮೇಲೆ ಮುಖ ಮೂಡಿಸುವ ಬೆಳ್ಳಿಯ ಉಪ್ಪು ಚರ್ಮಕ್ಕೆ ಹತ್ತಿದರೆ ಆ ಚರ್ಮ ಸುಲಿದು ಹೋದಾಗಲೇ ಹೋಗುವುದು. ಇಸ್ತಾಂಬುಲಿನಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಈ ಕಪ್ಪನ್ನು ಉಂಗುರ ತೋರಿಸಿದ ಹಾಗೆ ತೋರಿಸಿಕೊಂಡು ತಿರುಗಿದ್ದ. ಕಾಫಿಯ ಬಟ್ಟಲನ್ನು ಬೇಕೆಂದೇ ನಾಲ್ಕು ಜನಕ್ಕೆ ಕಾಣುವಂತೆ ಹಿಡಿಯುತ್ತಿದ್ದ. ಈಗ ಇಗರ್ಜಿಯಲ್ಲಿ ಕೈಗಳನ್ನು ನಿಲುವಂಗಿಯ ತೋಳಿನೊಳಕ್ಕೆ ಎಳೆದುಕೊಳ್ಳುತ್ತಾನೆ. ಕಳೆದ ಭಾನುವಾರ ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳುವ ಹೊತ್ತಿನಲ್ಲಿ, ಪಕ್ಕದಲ್ಲಿ ನಿಂತಿದ್ದ ಕಂಚುಗಾರ ಸಾಹಗ್ ಇವನ ಹೆಗಲಿಗೆ ಬಾಗಬೇಕಾದವನು ಬಾಗದೆ, ಕೆಮ್ಮು ಬಂದವನಂತೆ ಆ ಕಡೆ ತಿರುಗಿಕೊಂಡ. ಕೆಮ್ಮು ನಿಜವಾಗಿಯೂ ಬಂದಿರಬಹುದು. ಮೊದಲ ಹಿಮ ಬಿದ್ದಿದೆ, ಊರಿಗೆ ಊರೇ ಕೆಮ್ಮುತ್ತಿದೆ. ಆದರೆ ಸಾಹಗನ ತಂಗಿಯನ್ನೂ ಅವಳ ಮಕ್ಕಳನ್ನೂ ಸಾಲಾಗಿ ಕೂಡಿಸಿ, ಗದ್ದ ಎತ್ತಿಸಿ, ಅಲುಗಬೇಡಿ ಎಂದು ಹೇಳಿ ಪಟ ತೆಗೆದವನು ಮೆಲ್ಕೋನನೇ. ಆಮೇಲೆ ಅವರ ಮನೆಯ ಬಾಗಿಲಿಗೆ ಅಡ್ಡಹಲಗೆ ಬಿತ್ತು. ಇಷ್ಟಕ್ಕೂ ಅವರು ತಾವಾಗಿ ಅಮೆರಿಕಕ್ಕೆ ಹೊರಟವರು. ನಾನು ಹೊರಡಿಸಿದ್ದೇನೆಯೇ ಎಂದು ಮೆಲ್ಕೋನ್ ಆ ಕೆಮ್ಮಿನೊಡನೆ ಒಂದು ವಾರದಿಂದ ಮನಸ್ಸಿನಲ್ಲೇ ವಾದ ಮಾಡುತ್ತಿದ್ದ.

“ಸಾಕು ಬಿಡ್ರೀ, ಚರ್ಮ ಕಿತ್ತು ಬಂದೀತು,” ಎಂದಳು ಹೆಂಡತಿ ನ್ವಾರ್ತ್, ನೆಲದ ಒಲೆಗೆ ಬಗ್ಗಿ ರೊಟ್ಟಿ ಬಡಿಯುತ್ತ. “ಕೈ ತೊಳೆದ್ರೆ ಹೋಗೋ ಹಾಗಿದ್ರೆ ದೇವರ ಮಗನ್ನ ಶಿಲುಬೆಗೆ ಕೊಟ್ಟ ಪಿಲಾತನೂ ಸ್ವರ್ಗ ಸೇರ್ಕೊಂಡಿರ್ತಿದ್ದ.”

ಅವಳು ತಮಾಷೆಗೆ ಅಂದದ್ದು. ಹಾಗಂತ ತಿಳಿದೂ ಅವನ ಬೆರಳುಗಳು ನೀರಿನಲ್ಲಿ ಒಂದು ಗಳಿಗೆ ನಿಂತವು. ಅಷ್ಟರಲ್ಲಿ ಅಂಗಳದ ಬಾಗಿಲನ್ನು ಕೋವಿಯ ಹಿಡಿಯಿಂದ ತಟ್ಟಿದ ಸದ್ದಾಯಿತು. ಪೊಲೀಸು ಠಾಣೆಯ ಸಿಪಾಯಿ ದುರ್ಮುಷ್. ಮೀಸೆಯಲ್ಲಿ ಹಿಮದ ಪುಡಿ, ಕಣ್ಣು ಮಾತ್ರ ರೊಟ್ಟಿಯ ಮೇಲೆ.

“ಉಸ್ತಾ, ಕಮಿಸಾರರು ಕರೀತಾರೆ.”

“ಇವತ್ತು ಬೆಳಕೇ ಇಲ್ವಲ್ಲಪ್ಪ. ಇರ್ಲಿ, ಪೆಟ್ಟಿಗೆ ಕಟ್ಕೊಂಡು ಬರ್ತೀನಿ. ಎಷ್ಟು ಜನ?”

“ಪೆಟ್ಟಿಗೆ ಬೇಡ್ವಂತೆ. ನೀನೊಬ್ನೇ ಬರ್ಬೇಕಂತೆ.”

ನ್ವಾರ್ತ್ ಒಲೆಯಿಂದ ತಲೆಯೆತ್ತಿ ನೋಡಿದಳು. ಬಿಸಿ ರೊಟ್ಟಿಯೊಂದನ್ನು ಮಡಚಿ ಸಿಪಾಯಿಯ ಕೈಗೆ ಕೊಟ್ಟಳು. ಗಂಡನಿಗೆ ಕೊಡುವುದನ್ನು ಮರೆತಳು.

ಮೆಜ್ರೆ ಊರಿನ ಬೀದಿಯಲ್ಲಿ ಹಿಮ ಆಗಲೇ ಕೆಸರಾಗಿತ್ತು. ಕ್ಯಾಮೆರಾದ ಪೆಟ್ಟಿಗೆ ಬೆನ್ನ ಮೇಲಿಲ್ಲದೆ ನಡೆಯುವುದು ಅವನಿಗೆ ಬತ್ತಲೆ ನಡೆದಂತೆ ಆಗುತ್ತಿತ್ತು. ಪೆಟ್ಟಿಗೆಯಿದ್ದರೆ ಜನ ಪೆಟ್ಟಿಗೆಯನ್ನು ನೋಡುತ್ತಾರೆ. ಅದನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಇಸ್ತಾಂಬುಲಿನಿಂದ ಬಂದ ವರ್ಷ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿ ಓಡಿದ್ದರು. ಮರುವರ್ಷ ಅವರೇ ಮದುಮಗಳನ್ನು ಕರೆದುಕೊಂಡು ಸರದಿ ನಿಂತಿದ್ದರು. ಅವನು ಬಟ್ಟೆಯ ಮೇಲೆ ಬಣ್ಣದಲ್ಲಿ ಕಂಬ, ಮೆಟ್ಟಿಲು, ದೂರದಲ್ಲೊಂದು ಸರೋವರ ಬರೆದಿದ್ದ. ಅದರ ಮುಂದೆ ಗೋಧಿ ಬೀಸುವವನೂ ಪಾಷಾನ ಹಾಗೆ ಕಾಣುತ್ತಿದ್ದ. ಆ ಸರೋವರ ಉಳಿದ ಅಂಗಡಿಗಳ ಜೊತೆ ಸುಟ್ಟುಹೋಯಿತು. ಅರ್ಮೇನಿಯನರ ಕೇರಿಯ ಮೇಲೆ ಗುಂಪು ಬಿದ್ದ ಆ ಶರತ್ಕಾಲದ ಬೆಂಕಿ, ಕೂಗು, ಬಾವಿಯಲ್ಲಿ ಅಡಗಿ ಕುಳಿತಾಗ ಕುತ್ತಿಗೆಯ ತನಕ ಬಂದ ನೀರು: ಅದನ್ನು ನೆನೆಯಬಾರದೆಂದು ಅವನು ಹೆಜ್ಜೆ ಬೇಗ ಹಾಕಿದ. ಆಮೇಲೆ ಯಾರಿಗೂ ಮದುವೆಯ ಪಟ ಬೇಕಾಗಲಿಲ್ಲ. ಆಗಲೇ ಸರಕಾರದ ಆ ಹುಕುಂ ಬಂದದ್ದು. ದೇಶ ಬಿಟ್ಟು ಅಮೆರಿಕಕ್ಕೆ ಹೋಗುವ ಅರ್ಮೇನಿಯನರು ಇನ್ನು ಮರಳಿ ಬರುವುದಿಲ್ಲವೆಂದು ಮಾತು ಕೊಟ್ಟು, ಪಟ ತೆಗೆಸಿ ಇಡಬೇಕು. ಒಂದು ಪ್ರತಿ ಇಲ್ಲಿ, ಒಂದು ಪ್ರತಿ ಹಡಗು ನಿಲ್ಲುವ ರೇವಿನಲ್ಲಿ. ಯಾರಾದರೂ ಕದ್ದು ತಿರುಗಿ ಬಂದರೆ ಮುಖ ಹೋಲಿಸಿ ಹಿಡಿಯುವುದಕ್ಕೆ. ಸುಟ್ಟ ಅಂಗಡಿಯ ಮುಂದೆ ಕುಳಿತಿದ್ದ ಮೆಲ್ಕೋನನಿಗೆ ಅದು ಕೆಲಸ ಮಾತ್ರವಾಗಿ ಕಂಡಿತು. ದೇವರು ಕಣ್ಣು ಬಿಟ್ಟ ಎಂದು ಅವತ್ತು ಅವನು ಮೇಣದ ಬತ್ತಿಯನ್ನೂ ಹಚ್ಚಿದ್ದ. ಆ ಬತ್ತಿ ಈಗಲೂ ಕೆಲವು ಸಲ ಅವನ ಎದೆಯಲ್ಲಿ ಉರಿಯುತ್ತಿತ್ತು.

ಜನ ಮಾತ್ರ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬರುತ್ತಿದ್ದರು. ಬೆಳ್ಳಿಯ ಡಾಬು, ಕಸೂತಿಯ ರವಿಕೆ, ಸತ್ತವನ ಗಡಿಯಾರದ ಸರಪಳಿ. ಪಟ ಯಾರ ಕೈಗೆ ಹೋಗುತ್ತದೆಂದು ಗೊತ್ತಿದ್ದೂ, ಕಪ್ಪು ಬಟ್ಟೆಯೊಳಗೆ ಅವನು ತಲೆ ತೂರಿಸಿದೊಡನೆ, “ಉಸ್ತಾ, ನಾನು ಚೆನ್ನಾಗಿ ಬರ್ತೀನಾ?” ಎಂದು ಕೇಳುತ್ತಿದ್ದರು. ಚೆನ್ನಾಗಿಯೇ ಬರುತ್ತಿದ್ದರು. ಅದರಲ್ಲಿ ಅವನು ಒಂದು ದಿನವೂ ಮೋಸ ಮಾಡಿರಲಿಲ್ಲ.

ಕಮಿಸಾರ್ ರಿಫ್ಕಿ ಎಫೆಂದಿ ಅಂಗೈಯಲ್ಲಿ ದವಡೆ ಹಿಡಿದುಕೊಂಡು ಕುಳಿತಿದ್ದ. ಮೇಜಿನ ಮೇಲೆ ಕಾಫಿ, ಕಾಫಿಯ ಪಕ್ಕದಲ್ಲಿ ಒಂದು ಪಟ ಬೋರಲಾಗಿ ಬಿದ್ದಿತ್ತು.

“ಬಾ ಉಸ್ತಾ, ಕೂತ್ಕೋ. ಹಲ್ಲುನೋವು. ಲವಂಗ ಇಟ್ಕೊಂಡಿದೀನಿ, ಮಾತು ತೊದಲುತ್ತೆ, ಏನೂ ಅಂದ್ಕೋಬೇಡ.”

ಈ ಮನುಷ್ಯ ಎಂದೂ ದನಿ ಎತ್ತಿದವನಲ್ಲ. ಒಮ್ಮೆ ತನ್ನ ಪಟ ತೆಗೆಸಿಕೊಂಡು, ಕೆನ್ನೆಯ ಸಿಡುಬಿನ ಕಲೆ ಅಳಿಸಿಕೊಡೆಂದು ಮೆಲ್ಲನೆ, ಮದುವೆಯಾಗಲಿರುವ ಹುಡುಗನಂತೆ ಕೇಳಿದ್ದ. ಮೆಲ್ಕೋನ್ ಸಣ್ಣ ಕುಂಚ ಹಿಡಿದು ಒಂದೊಂದೇ ಕುಳಿ ತುಂಬಿದ್ದ. ಆವತ್ತಿನಿಂದ ರಿಫ್ಕಿ ಎಫೆಂದಿ ಅವನನ್ನು ಕೂರಿಸದೆ ಮಾತನಾಡಿಸುತ್ತಿರಲಿಲ್ಲ. ಅದೇ ಮೆಲ್ಕೋನನಿಗೆ ನುಂಗಲಾರದ ತುತ್ತು. ಬೈದಿದ್ದರೆ ಬೈಸಿಕೊಂಡು ಬರಬಹುದಿತ್ತು.

“ಅಗೋ, ಅಲ್ಲಿ ನೋಡು.”

ಗೋಡೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ರಾತ್ರಿ ಹಾಸಿಗೆಯಿಂದಲೇ ಎಳೆದು ತಂದಿರಬೇಕು, ಕಾಲಿನಲ್ಲಿ ಬರೀ ಉಣ್ಣೆಯ ಚೀಲ, ಅದೂ ಒದ್ದೆ.

“ಹೆಸರು ಖಾತುನ್ ಅಂತಾಳೆ. ಹುಸೇನಿಕ್ ಹಳ್ಳಿಯ ಆ ಕುರುಡು ಮುದುಕಿ ಇದಾಳಲ್ಲ, ಅವಳ ತಂಗಿ ಮಗಳಂತೆ. ಪಕ್ಕದ ಮನೆಯೋರು ಹೇಳೋದೇ ಬೇರೆ. ತಂಗಿ ಮಗಳಲ್ಲ, ಸ್ವಂತ ಮಗಳು ಮರಿತ್ಸಾ, ಅಮೆರಿಕದಿಂದ ಕದ್ದು ಬಂದಿದಾಳೆ ಅಂತ.” ರಿಫ್ಕಿ ಎಫೆಂದಿ ಪಟವನ್ನು ಮಗುಚಿ ಇವನ ಕಡೆ ತಳ್ಳಿದ. “ನಮ್ಮೋರು ಹೋಲಿಸಿ ನೋಡಿದ್ರು. ಒಬ್ಬ ಹೌದು ಅಂತಾನೆ, ಒಬ್ಬ ಅಲ್ಲ ಅಂತಾನೆ. ತೆಗೆದೋನು ನೀನು. ನೀನೇ ಹೇಳ್ಬಿಡು, ನನ್ನ ತಲೆನೋವು ಮುಗೀಲಿ.”

ಪಟ ನೋಡುವ ಅಗತ್ಯವೇ ಇರಲಿಲ್ಲ. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ. ತಲೆಕೆಳಗಾಗಿ ನೋಡಿದ ಮುಖ ಮರೆಯುವುದಿಲ್ಲ, ಅದರಲ್ಲಿ ನಗು ಅಳು ಯಾವುದೂ ಮೋಸ ಮಾಡುವುದಿಲ್ಲ, ಬರೀ ಎಲುಬು ಕಾಣುತ್ತದೆ. ಎಡಗಡೆಯ ಹುಬ್ಬು ತುಸು ಮೇಲೆ. ಇವಳೇ. ಆದರೆ ಆ ಹುಬ್ಬಿನ ಸುತ್ತ ಇದ್ದದ್ದೆಲ್ಲ ಎಲ್ಲಿ ಹೋಯಿತು? ಪಟದಲ್ಲಿದ್ದವಳ ಕೆನ್ನೆ ತುಂಬಿತ್ತು, ಮದುವೆಯಾಗಿ ಬಹಳ ಕಾಲವಾಗಿರದ ಹೆಣ್ಣಿನ ಮಂದ ಗರ್ವವಿತ್ತು. ಗಂಡ ಆಗಲೇ ಅಮೆರಿಕದ ತಂತಿ ಕಾರ್ಖಾನೆಯಲ್ಲಿದ್ದ, ಇವಳು ಮಗಳನ್ನು ಎತ್ತಿಕೊಂಡು ಹೊರಟಿದ್ದಳು. ಬೆಂಚಿನ ಮೇಲೆ ಕುಳಿತವಳಿಗೆ ಮುಂದಿನ ಒಂದು ಹಲ್ಲಿಲ್ಲ, ಹಣೆಯ ಮೇಲಿನ ಕೂದಲು ಹಿಂದೆ ಸರಿದಿದೆ. ಮೂರು ವರ್ಷದಲ್ಲಿ ಒಂದು ಮುಖ ಇಷ್ಟು ದೂರ ಹೋಗಬಲ್ಲದೆ? ಅವಳು ಅವನನ್ನು ನೋಡುತ್ತಿರಲಿಲ್ಲ. ಬೇಡಿಕೊಂಡಿದ್ದರೆ ಅವನು ಹೆದರಿ ನಿಜ ಹೇಳಿಬಿಡುತ್ತಿದ್ದನೋ ಏನೋ. ಅವಳು ನೆಲದ ಒಂದು ಬಿರುಕನ್ನು ನೋಡುತ್ತ, ಈ ಗಂಡಸರು ಯಾರದೋ ಹಸುವಿನ ವಿಚಾರ ಮಾತನಾಡುತ್ತಿದ್ದಾರೆ ಎಂಬಂತೆ ಕುಳಿತಿದ್ದಳು.

“ಇವಳಲ್ಲ ಎಫೆಂದಿ.”

ಧೈರ್ಯದಿಂದ ಹೇಳಿದ್ದಲ್ಲ. ಬಿಕ್ಕಳಿಕೆ ಬಂದ ಹಾಗೆ ಬಂದುಬಿಟ್ಟಿತ್ತು ಆ ಮಾತು. ಬಂದಮೇಲೆ ಅವನೇ ಬೆಚ್ಚಿದ. ಸುಳ್ಳೆಂದು ಗೊತ್ತಾದರೆ ಪೆಟ್ಟಿಗೆ ಕಿತ್ತುಕೊಳ್ಳುತ್ತಾರೆ. ನ್ವಾರ್ತಳನ್ನೂ ತನ್ನನ್ನೂ ಯಾವ ಕೋಣೆಯಲ್ಲಿ ಕೂಡುತ್ತಾರೋ. ಆದರೂ ಭಯದ ಅಡಿಯಲ್ಲಿ, ಬೆಚ್ಚಗೆ, ಒಂದು ಸಣ್ಣ ಹೆಮ್ಮೆ ಎದ್ದು ನಿಂತಿತು. ಸಾಹಗ್ ಈಗ ನನ್ನನ್ನು ನೋಡಬೇಕಿತ್ತು ಎಂದುಕೊಂಡ. ತಕ್ಷಣ ನಾಚಿಕೆಯಾಯಿತು.

“ಸರಿಯಾಗಿ ನೋಡಿದ್ಯಾ?”

“ನೋಡ್ದೆ. ಕೆನ್ನೆ ಎಲುಬೇ ಬೇರೆ. ಗದ್ದ ಬೇರೆ. ನನ್ನ ಕೈಯ ಕೆಲಸ, ನನಗೆ ಗೊತ್ತಾಗಲ್ವಾ ಎಫೆಂದಿ?”

ರಿಫ್ಕಿ ಎಫೆಂದಿ ಉಸಿರು ಬಿಟ್ಟ. ಅದು ನಿರಾಳದ ಉಸಿರೆಂದೇ ಮೆಲ್ಕೋನನಿಗೆ ಅನ್ನಿಸಿತು. ಅವನಿಗೂ ಬೇಕಾದದ್ದು ಹಲ್ಲುನೋವಿಗೆ ಮದ್ದು, ಮಧ್ಯಾಹ್ನದ ನಿದ್ದೆ. ಪಟವನ್ನು ಖಾನೆಗೆ ಹಾಕಲು ಎತ್ತಿಕೊಂಡವನು, ಏನೋ ಹೊಳೆದಂತೆ, ಬೆಂಚಿನ ಕಡೆ ಚಾಚಿದ. ಕುಯುಕ್ತಿಯಿಂದಲ್ಲ. ಬರೀ ಕುತೂಹಲದಿಂದ.

“ನೋಡಮ್ಮ, ನಿನ್ನ ದೊಡ್ಡಮ್ಮನ ಮಗಳು. ನಿನ್ನ ಹಾಗೆ ಇದಾಳಾ ಸ್ವಲ್ಪ?”

ಅವಳು ಬಗ್ಗಿದಳು. ನೋಡಬೇಡ, ಎಂದು ಮೆಲ್ಕೋನ್ ಒಳಗೊಳಗೇ ಕೂಗಿದ. ಅವಳ ಕಣ್ಣು ಪಟದ ಹೆಂಗಸಿನ ಮೇಲೆ ನಿಲ್ಲಲೇ ಇಲ್ಲ. ಕೆಳಗೆ, ಅವಳ ಮಡಿಲಿನ ಮಗುವಿನ ಕಡೆಗೆ ಹೋಯಿತು. ಆ ದಿನ ಆ ಮಗು ಕಪ್ಪು ಬಟ್ಟೆಗೆ ಹೆದರಿ ಅತ್ತು ಅತ್ತು ಕೂತಲ್ಲಿ ಕೂರದೆ, ನ್ವಾರ್ತ್ ದ್ರಾಕ್ಷಿರಸದಲ್ಲಿ ಅದ್ದಿದ ಅಕ್ರೋಟಿನ ಸರದಿಂದ ಒಂದು ತುಂಡು ಮುರಿದು ಕೈಗೆ ಕೊಟ್ಟಿದ್ದಳು. ಪಹರೆಗೆ ಬಂದಿದ್ದ ಸಿಪಾಯಿ, ಮಗುವಿನ ಮುಖ ಯಾಕೆ, ಅದು ಬೆಳೆದು ಬದಲಾಗುತ್ತೆ, ನಮ್ಮ ಉಪಯೋಗಕ್ಕೆ ಬರೋಲ್ಲ, ಕೆಳಗಿಳಿಸು ಎಂದಿದ್ದ. ಇರಲಿ ಬಿಡಣ್ಣ, ಇದ್ದರೆ ನಿನಗೇನು ಭಾರ, ಎಂದು ತಾಯಿ ನಕ್ಕಿದ್ದಳು.

ಅವಳ ಬೆರಳು ಪಟದ ಮೇಲಿನ ಆ ಪುಟ್ಟ ಬಾಯಿಯನ್ನು ಮುಟ್ಟಿತು.

“ಬಾಯಿ ಒರೆಸಿದ್ದೆ,” ಎಂದಳು. “ಆದ್ರೂ ಅಂಟಿಕೊಂಡೇ ಇದೆ, ನೋಡಿ.”

ರಿಫ್ಕಿ ಎಫೆಂದಿ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದ. ಅವಳಿಗೆ ತಾನೇನು ಮಾಡಿದೆನೆಂದು ಇನ್ನೂ ತಿಳಿದಂತಿರಲಿಲ್ಲ.

“ಮಗು ಎಲ್ಲಿ?” ಎಂದ ಕಮಿಸಾರ್ ಕೊನೆಗೆ.

“ಅಲ್ಲೇ. ಮಣ್ಣಲ್ಲಿ. ಜ್ವರ ಬಂತು. ಅವರಪ್ಪನ್ನ ಅದಕ್ಕೆ ಮುಂಚೇನೇ ಯಂತ್ರ ಎಳ್ಕೊಂಡಿತ್ತು.” ಅವಳು ತಲೆಯೆತ್ತಿದಳು. “ಭಾಷೆ ಬರಲ್ಲ, ಯಾರೂ ಇಲ್ಲ. ನಾನೊಬ್ಳೇ ಅಲ್ಲಿ ಏನ್ ಮಾಡ್ಲಿ, ಹೇಳಿ. ಇಲ್ಲಿ ಅಮ್ಮ ಇದಾಳೆ. ಅವಳಿಗೆ ಕಣ್ಣಿಲ್ಲ.”

“ನಾನು ತಾನೇ ಏನ್ ಮಾಡ್ಲಿ, ನೀನು ಹೇಳು,” ಎಂದ ರಿಫ್ಕಿ ಎಫೆಂದಿ, ನಿಜವಾಗಿಯೇ ಉತ್ತರ ಬೇಕಾದವನಂತೆ. “ಹುಕುಂ ನಂದಲ್ಲ. ಮಧ್ಯಾಹ್ನ ಸಾಮಾನಿನ ಗಾಡಿ ಸಾಮ್ಸುನ್ ರೇವಿಗೆ ಹೊರಡುತ್ತೆ. ಅದರಲ್ಲಿ ಕಳಿಸ್ತೀನಿ. ಬೇಡಿ ಹಾಕಿಸಲ್ಲ. ಅಷ್ಟು ನನ್ನ ಕೈಲಾಗೋದು.”

ಆಮೇಲೆ ಮೆಲ್ಕೋನನ ಕಡೆ ತಿರುಗಿದ. ಮೆಲ್ಕೋನ್ ಎದ್ದು ನಿಂತಿದ್ದ. ಹೊಡೆಯಲಿ, ಒಳಗೆ ಹಾಕಲಿ, ಒಮ್ಮೆಯಾದರೂ ನಾನೂ ನಮ್ಮ ಜನದ ಜೊತೆಯವನೆಂದು ಊರಿಗೆ ಗೊತ್ತಾಗಲಿ.

“ಕಣ್ಣು ಮಂಜಾಗಿದೆ ಉಸ್ತಾ ನಿಂಗೆ. ವಯಸ್ಸಾಯ್ತು. ಕನ್ನಡಕ ಮಾಡಿಸ್ಕೋ,” ಎಂದ ರಿಫ್ಕಿ ಎಫೆಂದಿ, ಅವನ ಕಣ್ಣಿನಲ್ಲಿ ಕಣ್ಣಿಟ್ಟು, ಬಹಳ ಮೃದುವಾಗಿ. “ನೀನು ಹೇಳಿದ್ದೂ ಒಂದು ಲೆಕ್ಕಕ್ಕೆ ಸರಿಯೇ. ತೆಗೆದೋನಿಗೇ ಗುರುತು ಸಿಗದಿದ್ರೆ ರೇವಿನೋರಿಗೆ ಎಲ್ಲಿ ಸಿಗುತ್ತೆ? ಈ ಪಟ ಹಳೇದಾಯ್ತು. ಹೊರಡೋಕೆ ಮುಂಚೆ ಇವಳದ್ದು ಹೊಸದೊಂದು ತೆಗೆದ್ಬಿಡು.”

ಅವನನ್ನು ಕ್ಷಮಿಸಲಾಗಿತ್ತು. ಕಾಫಿ ಕುಡಿದು ಹೋಗಲು ಹೇಳಲಾಯಿತು. ಅವನು ಕುಡಿದ, ಬಟ್ಟಲಿನ ಗಷ್ಟಿನ ತನಕ ಕುಡಿದ.

ದುರ್ಮುಷ್ ಅವಳನ್ನು ಮನೆಯಲ್ಲೇ ಇದ್ದ ಸ್ಟುಡಿಯೋಗೆ ಕರೆತಂದಾಗ ನ್ವಾರ್ತ್ ಒದ್ದೆ ಚೀಲಗಳನ್ನು ಎಳೆದು, ಕಾಲುಗಳನ್ನು ಒಲೆಯ ಬಾಯಿಗೆ ಇರಿಸಿ, ಮೊಸರಿನ ಬಿಸಿ ಗಂಜಿಯನ್ನು ಕೈಗೆ ಕೊಟ್ಟಳು. ತನ್ನ ಚರ್ಮದ ಜೋಡನ್ನೇ ಅವಳ ಪಕ್ಕದಲ್ಲಿ ಇಟ್ಟಳು. “ತಿನ್ನು ತಂಗಿ. ಹೊಟ್ಟೆ ಖಾಲಿ ಇದ್ರೆ ದುಃಖ ಜಾಸ್ತಿ ಜಾಗ ತಗೊಳ್ಳುತ್ತೆ.” ಮರಿತ್ಸಾ ತಿಂದಳು. ತಿಂದು ಮುಗಿಸಿ, ಬಟ್ಟಲನ್ನು ಬೆರಳಿನಿಂದ ಒರೆಸಿ, ಮೆಲ್ಕೋನನ ಕಡೆ ನೋಡಿದಳು.

“ಅಣ್ಣಾ, ನೀನು ಅಲ್ಲ ಅಂದ್ಯಲ್ಲ, ಕೇಳಿಸ್ತು. ನಾನೇ ಕೆಡಿಸ್ದೆ.”

“ಇಲ್ಲಮ್ಮ,” ಎಂದ.

“ಆ ಪಟ ಅವರ ಹತ್ರ ಇದೆ. ನಂಗೆ ಅಂಥದ್ದೇ ಇನ್ನೊಂದು ಸಿಗುತ್ತಾ? ಅವಳದ್ದು ಏನೂ ಇಲ್ಲ ನನ್ನ ಹತ್ರ. ಒಂದು ಟೋಪಿ ಇತ್ತು, ಅದನ್ನ ಅವಳ ಜೊತೇಲೇ ಇಟ್ಬಿಟ್ರು.”

ಅವನು ಹಿಂದಿನ ಕೋಣೆಗೆ ಹೆಚ್ಚುಕಡಿಮೆ ಓಡಿದ. ನೆಗೆಟಿವ್ ಗಾಜುಗಳ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಇದ್ದವು. ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿದ. ಕಪ್ಪು ಮುಖ, ಬಿಳಿ ಕಣ್ಣಪಾಪೆ, ಬಿಳಿ ಕೂದಲು. ಹೋದವರೆಲ್ಲ ಅಲ್ಲಿ ದೆವ್ವಗಳ ಹಾಗೆ ಸಾಲಾಗಿ ಕುಳಿತಿದ್ದರು. ಬೇಕಾದದ್ದು ಸಿಕ್ಕಿತು. ಅದರ ಬೆನ್ನಿಗೆ ಕಾಗದ ಜೋಡಿಸಿ, ಚೌಕಟ್ಟಿನಲ್ಲಿ ಬಿಗಿದು, ಮಾಳಿಗೆಯ ಮೇಲೆ ಬೆಳಕಿಗೆ ಇಟ್ಟುಬಂದ. ಮೋಡ ಹಳೆಯ ಹಾಲಿನ ಕೆನೆಯಂತೆ ಆಕಾಶಕ್ಕೆ ಕಟ್ಟಿಕೊಂಡಿತ್ತು. ಬಿಸಿಲಿದ್ದರೆ ಒಂದು ರೊಟ್ಟಿ ತಿನ್ನುವಷ್ಟರಲ್ಲಿ ಮೂಡುವ ಚಿತ್ರಕ್ಕೆ ಈ ಮೋಡದಲ್ಲಿ ಅರ್ಧ ದಿನ ಬೇಕು. ಸೂರ್ಯ ಇರಬಹುದಾದ ಕಡೆ ಮುಖ ಮಾಡಿ ನಿಂತ. ಬಾ, ಎಂದ. ಯಾರನ್ನೂ ಇಷ್ಟು ದೀನನಾಗಿ ಅವನು ಕರೆದಿರಲಿಲ್ಲ.

ಕೆಳಗೆ ಅವಳು ಕುರ್ಚಿಯಲ್ಲಿ ಕುಳಿತಾಗಿತ್ತು. ಕೈಯನ್ನು ನೀರಿನಲ್ಲಿ ಅದ್ದಿ ಕೂದಲು ಸರಿಮಾಡಿಕೊಂಡಿದ್ದಳು. ಕಪ್ಪು ಬಟ್ಟೆಯೊಳಗಿನ ಕತ್ತಲಲ್ಲಿ ಅವಳು ತಲೆಕೆಳಗಾಗಿ ನೇತಾಡುತ್ತಿದ್ದಳು. ಕೆಡಿಸಬಹುದು, ಎಂದು ಮೆಲ್ಕೋನನಿಗೆ ಅಲ್ಲಿ ಹೊಳೆಯಿತು. ಲೆನ್ಸನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮುಖ ಮಂಜಾಗುತ್ತದೆ. ಮುಚ್ಚಳ ತೆಗೆದು ಹಾಕುವಾಗ ಕ್ಯಾಮೆರಾದ ಮುಕ್ಕಾಲಿಗೆ ಕಾಲು ತಗುಲಿಸಬಹುದು. ಮುದುಕ, ಕಣ್ಣು ಮಂಜು, ಕಮಿಸಾರರೇ ಹೇಳಿದ್ದಾರಲ್ಲ. ಗಾಡಿ ಹೊರಟಮೇಲೆ ಇನ್ನೊಂದು ತೆಗೆಯುವುದಕ್ಕೆ ಆಗುವುದಿಲ್ಲ. ಅವಳು ಮತ್ತೊಮ್ಮೆ ಬಂದರೆ, ಬರುವ ಗಟ್ಟಿತನ ಅವಳಲ್ಲಿ ಇನ್ನೂ ಉಳಿದಿದ್ದರೆ, ಯಾರೂ ಹಿಡಿಯಲಾರರು. ಇಷ್ಟು ಸುಲಭದ ಒಳ್ಳೆಯ ಕೆಲಸ ಯಾರ ಪಾಲಿಗೂ ಬಂದಿರಲಿಕ್ಕಿಲ್ಲ.

“ಚೆನ್ನಾಗಿ ತೆಗಿ ಅಣ್ಣ,” ಎಂದಿತು ಬಟ್ಟೆಯ ಆಚೆಯಿಂದ ಅವಳ ದನಿ. “ನಾನು ಹೆದರಿದ್ದೆ ಅಂತ ಅವರಿಗೆ ಕಾಣ್ಬಾರ್ದು.”

ಅವನು ಹೊರಗೆ ಬಂದ. “ಗದ್ದ ಸ್ವಲ್ಪ ಎತ್ತು ತಾಯಿ. ಇತ್ತ ನೋಡು. ಅಲುಗಬೇಡ.” ಇದು ಅವನು ಹೇಳಿದ್ದಲ್ಲ, ಇಷ್ಟು ವರ್ಷದ ಬಾಯಿ ಹೇಳಿದ್ದು. ಕೈ ಲೆನ್ಸಿನ ಕಡೆ ಹೋಯಿತು. ಹೋಗಿ, ಕೂದಲೆಳೆಯಷ್ಟು ಉಳಿದಿದ್ದ ಮಂಜನ್ನೂ ಸರಿಮಾಡಿತು. ಮುಚ್ಚಳ ತೆಗೆಯಿತು. ಅವಳು ಉಸಿರು ಹಿಡಿದಳು, ಅವನೂ ಹಿಡಿದ. ಕೋಣೆಯಲ್ಲಿ ಯಾವುದೂ ಅಲುಗಲಿಲ್ಲ. ಎಲ್ಲಿ ನಿಲ್ಲಿಸಬೇಕೋ ಸರಿಯಾಗಿ ಅಲ್ಲಿ ಕೈ ಮುಚ್ಚಳ ಹಾಕಿತು. ಅವಳು ಕೇಳಿಕೊಂಡಳು, ಅದಕ್ಕೆ, ಎಂದು ತನಗೆ ತಾನು ಹೇಳಿಕೊಂಡ. ಕೇಳಿಕೊಳ್ಳದಿದ್ದರೆ? ಆ ಪ್ರಶ್ನೆಯನ್ನು ಹಿಂದೆ ಬಿಟ್ಟು ಕತ್ತಲಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಕೆಂಪು ದೀಪದಡಿ ತಟ್ಟೆಯ ನೀರಿನೊಳಗಿಂದ ಮುಖ ಎದ್ದುಬಂತು. ಮೊದಲು ಹಣೆ, ಆಮೇಲೆ ಕೈಗಳು, ಕತ್ತಿನ ಎರಡು ನರ, ತುಟಿಯ ಒಡಕು, ಎಲ್ಲಕ್ಕಿಂತ ಕೊನೆಗೆ ಕಣ್ಣಿನ ಕೆಳಗಿನ ನೆರಳು. ಸರೋವರವಿಲ್ಲ, ಕಂಬವಿಲ್ಲ. ಇಸ್ತಾಂಬುಲಿನಲ್ಲಿ ರಾಯಭಾರಿಗಳ ಹೆಂಡಂದಿರ ಗದ್ದ ತಿದ್ದಿದ ದಿನಗಳಿಂದ ಇವತ್ತಿನ ತನಕ ಇಂಥದೊಂದು ಪಟವನ್ನು ಅವನು ತೆಗೆದಿರಲಿಲ್ಲ. ಅವನಿಗೆ ಸಂತೋಷವಾಯಿತು. ತಡೆಯಲು ನೋಡಿದ, ಆಗಲಿಲ್ಲ. ಒದ್ದೆ ಗಾಜನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಾನು ಈ ಲೋಕದಲ್ಲಿ ಮಾಡಬಲ್ಲದ್ದು ಇದೊಂದೇ ಎಂಬುದು ತಿಳಿದು, ಆ ಕತ್ತಲಲ್ಲಿ ಯಾರೂ ಕಾಣದ ಹಾಗೆ ನಕ್ಕ. ನಗುತ್ತಿರುವಾಗಲೇ ಮೂಗಿನಿಂದ ನೀರು ಸುರಿಯಿತು.

ದುರ್ಮುಷ್ ಗಾಜನ್ನು ಕಿಟಕಿಗೆ ಹಿಡಿದು ತಲೆದೂಗಿದ. “ಭಲೇ ಉಸ್ತಾ. ಇನ್ನು ಯಾರೂ ಅಲ್ಲ ಅನ್ನೋ ಹಾಗಿಲ್ಲ.” ಹೊರಗೆ ಗಾಡಿಯ ಗಂಟೆ ಕೇಳಿಸಿತು. “ನಡಿಯಮ್ಮ, ಹೊತ್ತಾಯ್ತು.”

ಮೆಲ್ಕೋನ್ ಮಾಳಿಗೆಗೆ ಹತ್ತಿ ಚೌಕಟ್ಟು ಬಿಚ್ಚಿದ. ಕಾಗದದ ಮೇಲೆ ತಿಳಿ ಕಂದು ಬಣ್ಣದಲ್ಲಿ ಕುರ್ಚಿಯ ಅಂಚು ಬಂದಿತ್ತು, ಕಸೂತಿ ಬಂದಿತ್ತು. ಮಗುವಿನ ಮುಖ ಈಗತಾನೇ ಬರಲು ಶುರುವಾಗಿತ್ತು, ಉಸಿರು ಬಿಟ್ಟ ಕನ್ನಡಿಯಲ್ಲಿ ಕಂಡಷ್ಟು. ಇದನ್ನು ಇನ್ನೂ ಮೂಡಿಸಬೇಕು. ಮೂಡಿದಮೇಲೆ ಬಣ್ಣ ನಿಲ್ಲಿಸುವ ನೀರಿನಲ್ಲಿ ಅದ್ದಬೇಕು, ತೊಳೆಯಬೇಕು, ಮತ್ತೆ ತೊಳೆಯಬೇಕು. ಹಾಗೆ ಮಾಡದ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತ ಹೋಗುತ್ತದೆ.

“ಸ್ವಲ್ಪ ತಡಿ, ದುರ್ಮುಷ್. ಒಂದು ಗಳಿಗೆ. ನಿನ್ನ ಮಕ್ಕಳಿಗೆ ಒಳ್ಳೇದಾಗ್ಲಿ.”

“ಗಾಡಿಯೋನು ನಿಲ್ಲಲ್ಲ ಉಸ್ತಾ. ಕಣಿವೆ ದಾಟೋದ್ರೊಳಗೆ ಹಿಮ ಬಿದ್ರೆ ನಾವೇ ಹೂತ್ಹೋಗ್ತೀವಿ.”

ಕಾಗದವನ್ನು ಕಪ್ಪು ಬಟ್ಟೆಯಲ್ಲಿ ಮೂರು ಸುತ್ತು ಸುತ್ತಿ, ದಾರ ಕಟ್ಟಿ, ಬೀದಿಗೆ ಓಡಿಬಂದು ಗಾಡಿಯಲ್ಲಿ ಕುಳಿತವಳ ಕೈಗೆ ಇಟ್ಟ. “ಕೇಳು ತಂಗಿ, ಇದು ಇನ್ನೂ ಹಸಿ. ಬೆಳಕಿಗೆ ತೆಗೀಬೇಡ. ಸಾಮ್ಸುನಿನಲ್ಲಿ ಪಟ ತೆಗೆಯೋ ನಮ್ಮೋರು ಇದಾರೆ. ಯಾರ ಹತ್ರ ಆದ್ರೂ ಕೊಟ್ಟು, ಬಣ್ಣ ನಿಲ್ಲಿಸಿಕೊಡಿ ಅನ್ನು. ಅಲ್ಲೀ ತನಕ ಬಿಚ್ಚಲೇಬಾರ್ದು. ಬಿಚ್ಚಿದ್ರೆ ಅಳಿಸಿಹೋಗುತ್ತೆ. ಗೊತ್ತಾಯ್ತಾ?”

“ಗೊತ್ತಾಯ್ತಣ್ಣ.”

“ದೇವರಾಣೆಗೂ ಬಿಚ್ಚಬೇಡ.”

“ಇಲ್ಲಣ್ಣ. ಅಮ್ಮನ್ನ ಆಗಾಗ ನೋಡ್ಕೋ.”

ಗಾಡಿ ಹೊರಟಿತು. ಮೆಲ್ಕೋನನಿಗೆ ಒಳಗೆ ಹೋಗಲಾಗಲಿಲ್ಲ, ಬೀದಿಯಲ್ಲಿ ನಿಲ್ಲಲೂ ಆಗಲಿಲ್ಲ. ಸಾಹಗ್ ತನ್ನ ಅಂಗಡಿಯ ಬಾಗಿಲಿಗೆ ಬಂದು ನೋಡುತ್ತಿದ್ದ. ಮೆಲ್ಕೋನ್ ಮತ್ತೆ ಮಾಳಿಗೆ ಹತ್ತಿದ. ಮನೆಗಳ ಸಾಲು ಮುಗಿಯುವಲ್ಲಿ ರಸ್ತೆ ಬಯಲಿಗೆ ತೆರೆದುಕೊಂಡು, ಬೋಳು ಹಿಪ್ಪುನೇರಳೆ ಮರಗಳ ನಡುವೆ ಬಿಳಿಯ ಹಿಮದಲ್ಲಿ ಹೋಗುತ್ತಿತ್ತು. ಅಲ್ಲಿ ಬೆಳಕು ಮೇಲಿನಿಂದಷ್ಟೇ ಅಲ್ಲ, ನೆಲದಿಂದಲೂ ಏಳುತ್ತಿತ್ತು. ದುರ್ಮುಷ್ ಮತ್ತು ಇನ್ನೊಬ್ಬ ಸಿಪಾಯಿ ಮುಂದೆ ಗಾಡಿಯವನ ಜೊತೆ ನಗುತ್ತಿದ್ದರು. ಹಿಂದೆ, ಮೂಟೆಗಳ ಮೇಲೆ, ಅವಳು ಮಂಡಿಯ ಮೇಲಿನ ಗಂಟನ್ನು ಬಿಚ್ಚುತ್ತಿದ್ದಳು. ದಾರ ತೆಗೆದಳು. ಒಂದು ಸುತ್ತು, ಎರಡು ಸುತ್ತು. ಕಪ್ಪು ಬಟ್ಟೆ ಮಡಿಲಿನಲ್ಲಿ ಹರಡಿಕೊಂಡಿತು, ಅವಳ ತಲೆ ಅದರ ಮೇಲೆ ಬಾಗಿತು.

ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಅವನು ಬಾಯಿ ತೆರೆದ. ಮುಚ್ಚು ಎಂದು ಕೂಗಬೇಕು. ಮುಚ್ಚಿದರೆ ಏನನ್ನು ಉಳಿಸಿದಂತಾಯಿತು? ಯಾವ ಸಾಮ್ಸುನಿನಲ್ಲಿ ಯಾರು ಇವಳನ್ನು ಅಂಗಡಿಯ ತನಕ ಹೋಗಲು ಬಿಡುತ್ತಾರೆ? ತೆರೆದ ಬಾಯಿಗೆ ತಣ್ಣನೆಯ ಗಾಳಿ ನುಗ್ಗಿತು.

“ಹೋದ್ಲಾ?” ಎಂದು ಕೆಳಗಿನಿಂದ ನ್ವಾರ್ತ್ ಕೇಳಿದಳು.

“ಇನ್ನೂ ಇಲ್ಲ,” ಎಂದ ಮೆಲ್ಕೋನ್. “ನೋಡ್ತಾ ಇದಾಳೆ.”